ಅಂಗಸಾಧನೆಯು ನಿತ್ಯನೇಮವಾಗಲಿ

ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರು 2022ನೆಯ ಇಸವಿಯಲ್ಲಿ ಆರೋಗ್ಯಕ್ಕೆ ಅವಶ್ಯವಿದ್ದಷ್ಟು ದೇಹಶ್ರಮವನ್ನೂ ಮಾಡುತ್ತಿರಲಿಲ್ಲವೆಂದು, ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ಲೆಕ್ಕದಿಂದ ತಿಳಿದುಬಂದಿದೆ. 2000ದಲ್ಲಿ ಈ ಪ್ರಮಾಣವು ಶೇಕಡಾ 22ರಷ್ಟೇ ಇದ್ದಿತು. ಸ್ತ್ರೀಯರ ಸ್ಥಿತಿಯು ಇನ್ನೂ ಶೋಚನೀಯವಾಗಿದ್ದು, ಅದನ್ನು ಪ್ರತ್ಯೇಕವಾಗಿಯೇ ವಿಚಾರಿಸತಕ್ಕದ್ದು. ಇಂದು ನಾವು ಪುರುಷರನ್ನು ಕುರಿತು ಎರಡು ಮಾತು ಹೇಳಬಯಸುತ್ತೇವೆ. ಅವರಲ್ಲಿಯೂ ನೂರಕ್ಕೆ 42 ಜನರು ಇದೇ ಪಂಕ್ತಿಯಲ್ಲಿ ಕುಳಿತಿರುವರು.

ನಮ್ಮ ತರುಣರಿಗೆ ವ್ಯಾಯಾಮದ ಅಭಿರುಚಿಯೇ ಇಲ್ಲವೆಂದು ನಾವು ಹೇಳಲಾರೆವು. ಕೊರತೆಯಿರುವದು ಸಾತತ್ಯದಲ್ಲಿ. ವಿದ್ಯಾರ್ಥಿದೆಸೆಯಲ್ಲಿ ಕಬಡ್ಡಿಯಾಡಿ, ದಂಡ-ಬಸ್ಕಿ ಹೊಡೆದು ಮೈ ಹುರಿಗೊಳಿಸಿದವನು, ನೌಕರಿ ದೊರೆತು ಸಂಸಾರ ಹೂಡಿದೊಡನೆ ಎಲ್ಲವನ್ನೂ ಬಿಟ್ಟುಕೊಡುವನು. ಚಿಕ್ಕಂದಿನ ಮೈಕಟ್ಟು ಜೀವಮಾನಕ್ಕೆಲ್ಲ ಸಾಕಾದೀತೆಂಬುದು ಶುದ್ಧ ಭ್ರಮೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆಯು ಹಣಕ್ಕೆ ಎಷ್ಟು ಸಲ್ಲುವದೋ ದೇಹಕ್ಕೂ ಅಷ್ಟೇ ಸಲ್ಲುವದು.

ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ಅಮೇರಿಕೆಯ ಡಲ್ಲಾಸ್ ನಗರದಲ್ಲಿ 1966ರಲ್ಲಿ 20 ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಿದರು. ಶ್ರಮದ ಕಾಲಕ್ಕೆ ಪ್ರಾಣವಾಯುವನ್ನು ಬಳಸಿಕೊಳ್ಳುವ ಅವರ ಶಕ್ತಿಯು ಅಷ್ಟರಲ್ಲಿಯೇ ಕಾಲುಪಾಲಿಗಿಂತ ಹೆಚ್ಚು ಕುಗ್ಗಿತು. 1996ರಲ್ಲಿ ಅದೇ ಐವರನ್ನು ಪುನಃ ಪರೀಕ್ಷಿಸಲಾಗಿ, 30 ವರ್ಷಗಳ ವಯೋಧರ್ಮವು ಮಾಡಿದ ಹಾನಿಗಿಂತ ಆ ಮೂರು ವಾರಗಳ ಶಯನವು ಮಾಡಿದ ಹಾನಿಯೇ ಹೆಚ್ಚಿನದೆಂದು ಕಂಡುಬಂದಿತು! ಅಷ್ಟೇ ಅಲ್ಲ, ಆರು ತಿಂಗಳು ನಡಿಗೆ, ಓಟ, ಸೈಕಲ್ಲುಗಳ ಕ್ರಮವಾದ ಅಭ್ಯಾಸದಿಂದ, ವಯಸ್ಸಿನೊಡನೆ ಕಳೆದಿದ್ದ ಈ ಶಕ್ತಿಯನ್ನು ಆ ಗೃಹಸ್ಥರು ಮರಳಿ ಪಡೆದರು. ಐವರ ಮೇಲಿಂದ ಜಗತ್ತಿಗೆಲ್ಲ ನಿಯಮ ಕಟ್ಟಲಾಗದು, ನಿಜ. ಆದರೂ ನಾವು ಮುಪ್ಪಿನ ತಲೆಗೆ ಕಟ್ಟುವ ಅಪರಾಧದಲ್ಲಿ ಆಲಸ್ಯದ ಪಾಲು ಸಣ್ಣದಲ್ಲವೆಂಬುದು ಇದರಿಂದ ಸ್ಪಷ್ಟವಾಗುವದು.

ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು 1953ರಲ್ಲಿ ಪ್ರಕಟಿಸಿದ ಶೋಧವೂ ಪ್ರಸಿದ್ಧವಾಗಿದೆ. ದಿನವಿಡೀ ಕುಳಿತು ಬಸ್ಸು ನಡೆಸುವ ಚಾಲಕರಿಗಿಂತ, ಮಹಡಿಬಸ್ಸಿನ ಮೆಟ್ಟಿಲು ಹತ್ತಿಳಿದು ಟಿಕೀಟು ಕೊಡುವ ಕಂಡಕ್ಟರರಲ್ಲಿ ಹೃದ್ರೋಗವು ಕಡಿಮೆಯಾಗಿದ್ದಿತು. ಚಾಲಕರು ನೌಕರಿಗೆ ಸೇರುವಾಗಲೇ ಹೆಚ್ಚು ಸ್ಥೂಲರಾಗಿದ್ದರೆಂಬ ಅಂಶವು ತರುವಾಯ ಹೊರಬಿದ್ದರೂ, ಮುಂದಿನ ಅನೇಕ ಸಂಶೋಧನೆಗಳು ಮೂಲ ನಿರ್ಣಯವನ್ನು ಬಲಪಡಿಸಿವೆ.

ಇನ್ನು ಮನಸ್ಸಿನ ಮಾತು. ನಾರ್ವೆ ದೇಶದಲ್ಲಿ ಸುಮಾರು 34,000 ಸ್ತ್ರೀಪುರುಷರನ್ನು 11 ವರ್ಷಗಳ ವರೆಗೆ ಗಮನಿಸಿದ ಪಂಡಿತರು, ಎಲ್ಲರೂ ವಾರಕ್ಕೆ ಕನಿಷ್ಠ ಒಂದು ಗಂಟೆ ವ್ಯಾಯಾಮ ಮಾಡಿದ್ದರೆ ವಿಷಾದರೋಗದ ಪ್ರಸಂಗಗಳಲ್ಲಿ ನೂರಕ್ಕೆ 12ನ್ನು ತಡೆಯಬಹುದಾಗಿದ್ದಿತೆಂದು ಅಂದಾಜು ಮಾಡಿರುವರು. ದುಃಖವನ್ನು ಬಾಯಿಬಿಟ್ಟು ಹೇಳುವದೇ ಪುರುಷನಿಗೆ ಹೀನವೆಂದು ಬಗೆಯುವ ನಮ್ಮ ಸಮಾಜದಲ್ಲಿ ಇದರ ಮಹತ್ವವು ಇಮ್ಮಡಿಯಾಗುವದು. ರೋಗವು ಬಲಿತಲ್ಲಿ ವೈದ್ಯನೇ ಗತಿ. ವ್ಯಾಯಾಮವು ಅವನ ಸ್ಥಾನವನ್ನು ತುಂಬಲಾರದು. ಆದರೆ ಪ್ರತಿನಿತ್ಯ ಗೆಳೆಯರೊಡನೆ ಗರಡಿಯ ಮಣ್ಣಿನಲ್ಲಿ ಬೆವರು ಸುರಿಸುವವನು ಒಂಟಿಯಾಗಿ ಕೊರಗುವ ಸಂಭವವು ಕಡಿಮೆಯೆಂದು ನಾವು ನಂಬುತ್ತೇವೆ. ಅಂಗಸಾಧನೆಯು ಬುದ್ಧಿಜೀವಿಗೆ ಒಗ್ಗದೆಂಬ ನೆವಕ್ಕೂ ಎಡೆಯಿಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಯಿಸಿದ ಕೆ. ವಿ. ಅಯ್ಯರರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರಲ್ಲವೆ?

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಂದ ಬೇಡುವದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ, ಮತ್ತು ಎರಡು ದಿನ ಸ್ನಾಯುಗಳಿಗೆ ಬಲ ತರುವ ಸಾಧನೆ. ದಿನಕ್ಕೆ ಇಪ್ಪತ್ತೆರಡು ನಿಮಿಷಗಳ ಬಿರುನಡಿಗೆಗೆ ಹಣವೂ ಬೇಡ, ಉಪಕರಣವೂ ಬೇಡ. ಆದರೆ ನಡೆಯಲು ದಾರಿಯೂ ಆಡಲು ಬಯಲೂ ಬೇಕು. ಇದ್ದ ಬಯಲುಗಳನ್ನು ಕಟ್ಟಡಗಳಿಗೆ ಬಿಟ್ಟುಕೊಟ್ಟು, ಪಾಳುಬಿದ್ದ ಗರಡಿಗಳತ್ತ ಕಣ್ಣೆತ್ತಿಯೂ ನೋಡದ ನಗರಸಭೆಗಳು, ನಾಳೆ ಆಸ್ಪತ್ರೆಗಳಿಗೆ ಅದರ ನೂರ್ಮಡಿ ವೆಚ್ಚ ಮಾಡಬೇಕಾದೀತೆಂಬುದನ್ನು ಮರೆಯಬಾರದು. ಅಂತೆಯೇ, ಮೂರು ತಿಂಗಳಲ್ಲಿ ಮೈಬೆಳೆಸಿ ಕನ್ನಡಿಯ ಮುಂದೆ ಮೆರೆಯುವ ಆರಂಭಶೂರತ್ವವನ್ನು ನಮ್ಮ ತರುಣರು ತೊರೆಯಬೇಕು. ಐವತ್ತರಲ್ಲಿಯೂ ಅರವತ್ತರಲ್ಲಿಯೂ ಬಿಡದೆ ನಡೆಯಿಸಿಕೊಂಡು ಬರುವ ಸಾಧನೆಯೇ ಸಾಧನೆ. ಹನಿಗೂಡಿದರೆ ಹಳ್ಳ; ತೆನೆಗೂಡಿದರೆ ರಾಶಿ.