ಗೃಹವಿಚಾರ: ಹಳೆಯ ಮನೆಯ ಅಡಿಗೆಮನೆಗೆ ಗಾಢವಾದ ಬಣ್ಣ

ತರ್ಕಶಾಸ್ತ್ರವನ್ನು ಓದಲು ತೊಡಗಿದ ವಿದ್ಯಾರ್ಥಿಯು ಮೊದಮೊದಲು ಹೊಗುವ ಕೊಠಡಿಯೆಂದರೆ ಅಡಿಗೆಮನೆ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದಕ್ಕೆ ನೈಯಾಯಿಕರು ಕೊಡುವ ದೃಷ್ಟಾಂತವು ಮಹಾನಸ, ಎಂದರೆ ಅಡಿಗೆಮನೆಯೇ. ಪಂಡಿತರು ಆ ಕೊಠಡಿಯನ್ನು ಹೊಗೆಯ ನೆಲೆಯೆಂದು ಬಲ್ಲರೇ ಹೊರತು, ಅದರ ಗೋಡೆಗೆ ಯಾವ ಬಣ್ಣವಿದ್ದರೆ ಚೆನ್ನೆಂದು ವಿಚಾರಿಸಿದವರಲ್ಲ. ವಿಚಾರಿಸಿದ್ದರೂ ಪ್ರಯೋಜನವಿರಲಿಲ್ಲ. ಸೌದೆಯ ಒಲೆ ಉರಿಯುತ್ತಿದ್ದ ಮನೆಯಲ್ಲಿ ಯಾವ ಬಣ್ಣವನ್ನು ಬಳಿದರೂ ವರ್ಷ ತಿರುಗುವುದರೊಳಗೆ ಅದು ಮಸಿಯ ಬಣ್ಣವೇ ಆಗುತ್ತಿತ್ತು. ಆದಕಾರಣ ಹಬ್ಬ ಬಂದಾಗ ಕರಿಯನ್ನು ಕೆರೆದು ಸುಣ್ಣ ಬಳಿಯುವುದೊಂದೇ ಗೃಹಿಣಿಯರಿಗೆ ಉಳಿದಿದ್ದ ಮಾರ್ಗ.

ಈಗ ಅನಿಲದ ಒಲೆ ಬಂದು ಬಹುತೇಕ ಮನೆಗಳಲ್ಲಿ ಹೊಗೆಯು ತೊಲಗಿದೆ. ಬಣ್ಣವನ್ನು ಆರಿಸುವ ಸ್ವಾತಂತ್ರ್ಯವು ಅಡಿಗೆಮನೆಗೆ ದೊರೆತಿದೆ. ಅದರೊಡನೆ ಜಗಳವೂ ದೊರೆತಿದೆ. ಹಿರಿಯರಿಂದ ಬಂದ ತೊಟ್ಟಿಯ ಮನೆಯನ್ನು ದುರಸ್ತು ಮಾಡಿಸುವವರಲ್ಲಿ ಈ ಮಾತು ಏಳುವುದನ್ನು ನಾವು ಕೇಳುತ್ತಿರುತ್ತೇವೆ. ಸೊಸೆಯು, “ಅತ್ತೆ, ಈ ಗೋಡೆಗೆ ಗಾಢವಾದ ನೀಲಿ ಬಳಿಸೋಣ” ಎನ್ನುವಳು. ಅತ್ತೆಯು, “ಅಡಿಗೆಮನೆಗೆ ಸುಣ್ಣವೇ ಲಕ್ಷಣವಮ್ಮ” ಎನ್ನುವರು. ಕೆಲಸ ವಹಿಸಿಕೊಂಡ ಕಂಟ್ರಾಕ್ಟರು ನಡುವೆ ಬಾಯಿಹಾಕಿ, “ಎಣ್ಣೆಬಣ್ಣ ಹೊಡೆಸಿಬಿಡಿ, ಒರೆಸಿದರೆ ಹೋಗುತ್ತದೆ” ಎನ್ನುವನು. ದುಡ್ಡು ಕೊಡುವ ಯಜಮಾನನು ಜಗಳ ಬೇಡವೆಂದು ಕಂಟ್ರಾಕ್ಟರಿಗೆ ತಲೆದೂಗುವನು. ಈ ನಾಲ್ವರಲ್ಲಿ ಇಬ್ಬರ ಮಾತು ನಿಜ, ಇಬ್ಬರ ಮಾತು ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಅತ್ತೆಯವರ ಪಕ್ಷವನ್ನು ಮೊದಲು ವಿಚಾರಿಸೋಣ. ಸಂಸ್ಕೃತದಲ್ಲಿ ಸುಧಾ ಎಂಬ ಶಬ್ದಕ್ಕೆ ಅಮೃತವೆಂದೂ ಅರ್ಥವುಂಟು, ಸುಣ್ಣವೆಂದೂ ಅರ್ಥವುಂಟು. ಸುಧೆಯನ್ನು ಬಳಿದ ಮನೆಯೇ ಸೌಧ. ಬೆಂಗಳೂರಿನ ವಿಧಾನಸೌಧವು ಕಲ್ಲಿನ ಕಟ್ಟಡವಾದರೂ ಹೆಸರಿನಲ್ಲಿ ಸುಣ್ಣವನ್ನು ಹೊತ್ತುಕೊಂಡಿದೆ. ಶಬ್ದಶಾಸ್ತ್ರದ ಬೆಂಬಲ ಮಾತ್ರವಲ್ಲ, ರಸಾಯನಶಾಸ್ತ್ರದ ಬೆಂಬಲವೂ ಅವರಿಗುಂಟು. ಸುಣ್ಣಕಲ್ಲನ್ನು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲವಾಯುವು ಹೊರಟುಹೋಗುವುದು. ಸುಟ್ಟ ಸುಣ್ಣಕ್ಕೆ ನೀರು ಹೊಯ್ದರೆ ಕೊತಕೊತನೆ ಕುದಿದು ಅರಳುವುದು. ಅದನ್ನು ಗೋಡೆಗೆ ಬಳಿದ ಮೇಲೆ, ಗಾಳಿಯಲ್ಲಿರುವ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುವುದು. ಹೀಗೆ ಬಳಿದ ಸುಣ್ಣವು ಕೆಳಗಿನ ಗಾರೆಯೊಡನೆ ಒಂದಾಗಿ, ಕಣ್ಣಿಗೆ ಕಾಣದ ರಂಧ್ರಗಳನ್ನು ಮುಚ್ಚದೆ ಉಳಿಸುವುದು.

ಹಳೆಯ ಗೋಡೆಗೆ ಈ ರಂಧ್ರಗಳೇ ಪ್ರಾಣ. ಮಣ್ಣಿನಿಂದಲೋ ಇಟ್ಟಿಗೆ ಗಾರೆಯಿಂದಲೋ ಕಟ್ಟಿದ ಹಿಂದಿನ ಮನೆಗಳ ತಳಪಾಯದಲ್ಲಿ, ನೆಲದ ತೇವವನ್ನು ತಡೆಯುವ ಪದರವು ಸಾಮಾನ್ಯವಾಗಿ ಇರುವುದಿಲ್ಲ. ನೆಲದ ನೀರು ಗೋಡೆಯಲ್ಲಿ ಮೇಲಕ್ಕೇರುವುದು. ಏರಿದ್ದು ಗಾಳಿಗೆ ಆರಿಹೋಗುವುದು. ಅಂಥ ಗೋಡೆಗೆ ಎಣ್ಣೆಬಣ್ಣವನ್ನಾಗಲಿ ಪ್ಲಾಸ್ಟಿಕ್ ಬಣ್ಣವನ್ನಾಗಲಿ ದಪ್ಪವಾಗಿ ಬಳಿದರೆ, ಬೆವರುವ ಮೈಗೆ ಎಣ್ಣೆಯ ಬಟ್ಟೆಯನ್ನು ಬಿಗಿದಂತಾಗುವುದು. ಹೊರಬರಲಾರದ ನೀರು ತನ್ನೊಡನೆ ತಂದ ಉಪ್ಪನ್ನು ಬಣ್ಣದ ಹಿಂದೆಯೇ ಕಟ್ಟುವುದು. ಎರಡು ಮೂರು ಮಳೆಗಾಲಗಳಲ್ಲಿ ಬಣ್ಣವು ಗುಳ್ಳೆಯೆದ್ದು, ಒಳಗಿನ ಗಾರೆಯು ಹಿಟ್ಟಾಗಿ ಉದುರುವುದು. ಕಂಟ್ರಾಕ್ಟರು ಹೇಳಿದ “ಒರೆಸಿದರೆ ಹೋಗುತ್ತದೆ” ಎಂಬ ಮಾತು ಆಗ ಬೇರೆ ಅರ್ಥದಲ್ಲಿ ನಿಜವಾಗುವುದು! ನಿಮ್ಮ ಗೋಡೆಯು ಯಾವ ಬಗೆಯದೆಂದು ತಿಳಿಯಲು ಒಂದು ಅಂಗೈ ನೀರನ್ನು ಅದಕ್ಕೆ ಚಿಮುಕಿಸಿರಿ. ನೀರನ್ನು ಕುಡಿದು ಕಪ್ಪಾದರೆ ಗೋಡೆಯು ಉಸಿರಾಡುತ್ತಿದೆ. ಹನಿಹನಿಯಾಗಿ ಜಾರಿದರೆ ಯಾರೋ ಹಿಂದೆಯೇ ಅದರ ಮೂಗನ್ನು ಮುಚ್ಚಿದ್ದಾರೆ.

ಹಾಗೆ ಮುಚ್ಚಿದ್ದರೆ ಕೆರೆಯುವ ಮುನ್ನ ಎಚ್ಚರಿಕೆ ಬೇಕು. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯವಾಗಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮವು ೨೦೧೬ರಲ್ಲಿ ಹೊರಟು, ೨೦೧೭ನೆಯ ನವೆಂಬರ್ ೧ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಪದರಗಳಲ್ಲಿ ಏನಿದೆಯೋ ಹೇಳಬರುವಂತಿಲ್ಲ. ಸೀಸದ ಧೂಳು ಮಕ್ಕಳ ಬುದ್ಧಿಬೆಳವಣಿಗೆಗೆ ಕುಂದು ತರುವುದೆಂಬುದು ವೈದ್ಯರೆಲ್ಲರೂ ಒಪ್ಪಿದ ಸಂಗತಿ. ಆದುದರಿಂದ ಹಳೆಯ ಎಣ್ಣೆಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬಾರದು. ಬೆಂಕಿ ಹಿಡಿದು ಸುಡಲೂಬಾರದು. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಿಸಿ, ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸತಕ್ಕದ್ದು. ಆ ಕೆಲಸ ಮುಗಿಯುವವರೆಗೆ ಮಕ್ಕಳೂ ಗರ್ಭಿಣಿಯರೂ ಅತ್ತ ಸುಳಿಯದಿರಲಿ.

ಇನ್ನು ಸೊಸೆಯ ಪಕ್ಷ. ಸುಣ್ಣದ ಮೇಲಿನ ಗೌರವದಿಂದ ಗೋಡೆಯು ಬಿಳಿಯಾಗಿಯೇ ಇರಬೇಕೆಂದೇನೂ ಇಲ್ಲ. ಸುಣ್ಣದಲ್ಲಿಯೇ ಬಣ್ಣವನ್ನು ಕಲಸಬಹುದು. ಆದರೆ ಸುಣ್ಣವು ತೀಕ್ಷ್ಣವಾದ ಕ್ಷಾರ. ಎಲ್ಲ ಬಣ್ಣಗಳೂ ಅದರೊಡನೆ ಬಾಳಲಾರವು. ಇದಕ್ಕೆ ಸಾಕ್ಷಿಯು ಪ್ರತಿಯೊಂದು ಮನೆಯ ದೇವರ ಕೋಣೆಯಲ್ಲಿಯೂ ಉಂಟು: ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದನ್ನು ಅರಿಯದವರಾರು? ಹಳದಿಯ ಗೋಡೆ ಬೇಕೆಂದು ಸುಣ್ಣಕ್ಕೆ ಅರಿಸಿನ ಬೆರೆಸಿದರೆ ಅದು ಕೆಂಪಾಗುವುದು. ಆ ಕೆಂಪೂ ಬಿಸಿಲಿಗೆ ಮಾಸುವುದು. ೧೭೦೬ರ ಸುಮಾರಿಗೆ ಬರ್ಲಿನ್ ನಗರದಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿಯು ಬಹು ಮನೋಹರವಾದದ್ದು. ಸುಣ್ಣಕ್ಕೆ ಬಿದ್ದರೆ ಕಂದುಬಣ್ಣಕ್ಕೆ ತಿರುಗುವುದು. ಬಣ್ಣವು ಚೆಲುವಾಗಿರುವುದು ಬೇರೆ, ನಿರಪಾಯವಾಗಿರುವುದು ಬೇರೆ. ಸಂಸ್ಕೃತ ಗ್ರಂಥಗಳಲ್ಲಿ ಹೆಸರುವಾಸಿಯಾದ ಹರಿತಾಲದ ಹಳದಿಯೂ ಮನಃಶಿಲೆಯ ಕೆಂಪೂ ಪಾಷಾಣದ ಖನಿಜಗಳು. ಅಡಿಗೆಮನೆಯ ಹೊಸಲನ್ನು ಅವು ದಾಟಬಾರದು.

ಸುಣ್ಣದೊಡನೆ ಎಂದೂ ಜಗಳವಾಡದವು ಮಣ್ಣಿನ ಬಣ್ಣಗಳು. ಗಿರಿಯಲ್ಲಿ ಹುಟ್ಟಿದ್ದರಿಂದ ಗೈರಿಕವೆನ್ನಿಸಿಕೊಂಡ ಕಾವಿಯು ಕಬ್ಬಿಣದ ತುಕ್ಕಿನ ಜಾತಿಯದು. ಹಳದಿ ಮಣ್ಣೂ ಅದೇ ಕುಲದ್ದೇ. ಸುಟ್ಟರೆ ತನ್ನೊಳಗಿನ ನೀರನ್ನು ಕಳೆದುಕೊಂಡು ಕೆಂಪಾಗುವುದು. ಉತ್ತರ ಕನ್ನಡದಲ್ಲಿಯೂ ಗೋವೆಯಲ್ಲಿಯೂ ಹಳೆಯ ದೇವಾಲಯಗಳ ಗೋಡೆಗಳ ಮೇಲೆ, ಸುಣ್ಣದ ಗಾರೆಗೆ ಕಾವಿಯ ಪದರವನ್ನು ಕೊಟ್ಟು, ಮೊನೆಯಿಂದ ಕೆರೆದು ಬಿಳಿಯ ಚಿತ್ರಗಳನ್ನು ತೆಗೆದಿರುವ ಕಾವಿಕಲೆಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬೇಕು. ಗಾಢವಾದ ಬಣ್ಣವು ಹಳೆಯ ಗೋಡೆಗೆ ಅಪಚಾರವೆನ್ನುವವರಿಗೆ ಆ ಕಡಲ ಗಾಳಿಯಲ್ಲಿ ನಿಂತ ಗೋಡೆಗಳೇ ಉತ್ತರ.

ಸೊಸೆಯು ಕೇಳಿದ ನೀಲಿಗೂ ದಾರಿಯುಂಟು. ಬಟ್ಟೆಗೆ ಹಾಕುವ ನೀಲಿಯಾಗಿ ನಮ್ಮ ಮನೆಗಳಿಗೆ ಬಂದ ಅಲ್ಟ್ರಮೆರೀನ್ ಎಂಬುದು ಕ್ಷಾರವನ್ನು ತಾಳಬಲ್ಲದು. ಹಿಂದೆ ಇದನ್ನು ಅಫಘಾನಿಸ್ಥಾನದ ಬದಕ್ಷಾನಿನ ರಾಜಾವರ್ತಶಿಲೆಯನ್ನು ಅರೆದು ತೆಗೆಯಬೇಕಾಗಿದ್ದುದರಿಂದ ಅದು ಶ್ರೀಮಂತರ ಬಣ್ಣವಾಗಿತ್ತು. ಫ್ರಾನ್ಸಿನಲ್ಲಿ ಇದನ್ನು ಅಗ್ಗವಾಗಿ ತಯಾರಿಸುವವರಿಗೆ ೬೦೦೦ ಫ್ರಾಂಕುಗಳ ಬಹುಮಾನವನ್ನು ೧೮೨೪ರಲ್ಲಿ ಸಾರಿದರು; ೧೮೨೮ರಲ್ಲಿ ಗಿಮೆ ಎಂಬಾತನಿಗೆ ಅದು ದೊರೆಯಿತು. ಅಂದಿನಿಂದ ಆ ನೀಲಿಯು ಬಡವರ ಬೋಗುಣಿಗೂ ಇಳಿಯಿತು. ಒಂದೇ ಒಂದು ದೌರ್ಬಲ್ಯ: ಕ್ಷಾರಕ್ಕೆ ಸೋಲದ ಇದು ಆಮ್ಲಕ್ಕೆ ಸೋಲುವುದು. ಹುಣಿಸೆ ಕಿವುಚುವ, ನಿಂಬೆ ಹಿಂಡುವ ಕಟ್ಟೆಯ ಹಿಂಬದಿಗೆ ಇದನ್ನು ಬಳಿಯುವುದು ತರವಲ್ಲ.

ಗಾಢತೆಗೂ ಒಂದು ಮೇರೆಯುಂಟು. ಸುಣ್ಣದ ತೂಕದ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಬಣ್ಣವನ್ನು ಸೇರಿಸಿದರೆ ಅದು ಹಿಡಿಯದೆ ಕೈಗೂ ಸೆರಗಿಗೂ ಅಂಟುವುದು. ತೆಳ್ಳಗೆ ಕಲಸಿ, ಮೂರು ನಾಲ್ಕು ಸಲ, ಪ್ರತಿಸಲವೂ ಆರಲು ಬಿಟ್ಟು ಬಳಿಯಿಸಬೇಕು. ಇದಕ್ಕೂ ಮಿಗಿಲಾದ ಗಾಢತೆ ಬೇಕೆನ್ನುವವರು ಬವೇರಿಯದ ಕೈಮ್ ಎಂಬಾತನು ೧೮೭೮ರಲ್ಲಿ ಹಕ್ಕುಪಡೆದ ಸಿಲಿಕೇಟ್ ಜಾತಿಯ ಬಣ್ಣವನ್ನು ವಿಚಾರಿಸಬಹುದು. ಅದೂ ಗಾರೆಯ ಉಸಿರನ್ನು ಕಟ್ಟುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಇನ್ನೊಂದು ಸೂಕ್ಷ್ಮವುಂಟು. ದಶಕಗಟ್ಟಲೆ ಹೊಗೆ ಕುಡಿದ ಗೋಡೆಯಲ್ಲಿ ಮಸಿಯ ಜಿಡ್ಡು ಇಂಗಿರುವುದು. ಅದನ್ನು ಕೆರೆದು, ಸೋಡದ ನೀರಿನಿಂದ ತೊಳೆದು, ಚೆನ್ನಾಗಿ ಆರಿಸದೆ ಬಣ್ಣ ಬಳಿದರೆ ಕಂದು ಕಲೆಗಳು ಮೇಲೆದ್ದು ಬರುವುವು.

ಇಷ್ಟು ಗೋಡೆಯ ಮಾತಾಯಿತು. ಇನ್ನು ಕಣ್ಣಿನ ಮಾತು. ತೊಟ್ಟಿಯ ಮನೆಯ ಅಡಿಗೆಮನೆಗೆ ಒಂದು ಬೆಳಕಿಂಡಿ, ಒಂದು ಸಣ್ಣ ಕಿಟಕಿ ಇದ್ದರೆ ಹೆಚ್ಚು. ಬಿಳಿಯ ಸುಣ್ಣವು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ೮೦ ಭಾಗವನ್ನು ಹಿಂದಕ್ಕೆ ಕೊಡುವುದು; ಕಡುನೀಲಿಯೋ ಕಡುಗೆಂಪೋ ಸುಮಾರು ೧೦ ಭಾಗವನ್ನು ಕೊಟ್ಟರೆ ಹೆಚ್ಚು. ನಾಲ್ಕು ಗೋಡೆಗಳನ್ನೂ ಗಾಢವಾಗಿ ಬಳಿದರೆ ಹಗಲಿನಲ್ಲಿಯೇ ದೀಪ ಹಾಕಬೇಕಾದೀತು. ಬೊಹೀಮಿಯದ ಪುರ್ಕಿನ್ಯೆ ಎಂಬ ಪಂಡಿತನು ೧೮೨೫ರಲ್ಲಿ ಪ್ರಕಟಿಸಿದ ಒಂದು ಸಂಗತಿಯೂ ಇಲ್ಲಿ ನೆನೆಯತಕ್ಕದ್ದು: ಬೆಳಕು ಕುಂದಿದಾಗ ಕೆಂಪು ಮೊದಲು ಕಪ್ಪಾಗುವುದು, ನೀಲಿಯು ತುಸು ಹೊತ್ತು ಉಳಿಯುವುದು. ನಸುಕಿನಲ್ಲಿ ಕಾಫಿ ಕಾಸಲು ಎದ್ದವರಿಗೆ ಕಾವಿಯ ಗೋಡೆಯು ಕತ್ತಲೆಯಾಗಿ ಕಾಣುವುದು ಇದರಿಂದಲೇ. ಆದುದರಿಂದ ಒಂದೇ ಗೋಡೆಗೆ ಗಾಢವರ್ಣ, ಉಳಿದ ಮೂರಕ್ಕೂ ಮೇಲ್ಛಾವಣಿಗೂ ಬಿಳಿಯ ಸುಣ್ಣ ಎಂಬುದು ನಮ್ಮ ಸೂಚನೆ. ಬಣ್ಣದ ಗೋಡೆಯು ಕಿಟಕಿಯ ಬೆಳಕು ಬಂದು ಬೀಳುವ ಎದುರುಗೋಡೆಯಾಗಿರಲಿ. ಕಿಟಕಿಯಿರುವ ಗೋಡೆಯನ್ನು ಕಪ್ಪುಗಟ್ಟಿಸಿದರೆ ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುವುದು.

ಒಲೆಯ ಹಿಂದಿನ ಗೋಡೆಗೂ ಈ ಗಾಢವರ್ಣ ಸಲ್ಲದು. ಒಗ್ಗರಣೆಯ ಹದವನ್ನೂ ಪಾಕದ ಹದವನ್ನೂ ಅಡಿಗೆಯವರು ಬಣ್ಣದಿಂದಲೇ ಅಳೆಯುವರು. ಪಕ್ಕದ ಹಸುರು ಗೋಡೆಯ ಛಾಯೆಯು ಬಾಣಲೆಗೆ ಬಿದ್ದರೆ ಹೊಂಬಣ್ಣವು ಹೊಂಬಣ್ಣವಾಗಿ ಕಾಣದು. ಕಟ್ಟೆಯಿಂದ ಎರಡು ಅಡಿಯೆತ್ತರಕ್ಕೆ ತಿಳಿಬಣ್ಣದ ಕಲ್ಲನ್ನೋ ಬಿಲ್ಲೆಯನ್ನೋ ಕೂರಿಸಿದರೆ ಸಿಡಿದ ಎಣ್ಣೆಯನ್ನು ಒರೆಸಲೂ ಬರುವುದು. ಫ್ರಾನ್ಸಿನ ಚಿತ್ರಕಾರ ಮೋನೆಯು ೧೮೮೩ರಲ್ಲಿ ಜಿವರ್ನಿ ಎಂಬ ಹಳ್ಳಿಯ ಹಳೆಯ ಮನೆಗೆ ಬಂದು ನೆಲೆಸಿ, ಊಟದ ಕೋಣೆಗೆ ಹಳದಿಯನ್ನೂ ಅಡಿಗೆಮನೆಗೆ ನೀಲಿಯನ್ನೂ ಕೊಟ್ಟನು. ಆ ನೀಲಿಯ ಎದುರು ತೂಗುವ ತಾಮ್ರದ ಪಾತ್ರೆಗಳು ಕೆಂಡದಂತೆ ಹೊಳೆಯುವುವು. ವಿರುದ್ಧವರ್ಣಗಳು ಪಕ್ಕಪಕ್ಕದಲ್ಲಿದ್ದರೆ ಒಂದನ್ನೊಂದು ಬೆಳಗುವುವೆಂಬುದನ್ನು ಅದೇ ದೇಶದ ಶೆವ್ರಲ್ ಎಂಬ ರಸಾಯನಜ್ಞನು ೧೮೩೯ರ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ನಮ್ಮ ಅಜ್ಜಿಯಂದಿರ ಹಿತ್ತಾಳೆ ತಾಮ್ರದ ಪಾತ್ರೆಗಳಿಗೂ ಈ ನಿಯಮವು ಅನ್ವಯಿಸುವುದು.

ಕೊನೆಗೆ, ಆರಿಸುವವರು ಯಾರು? ರಂಜ್ ಧಾತುವಿನಿಂದ ಹುಟ್ಟಿದ ರಾಗ ಶಬ್ದಕ್ಕೆ ಬಣ್ಣವೆಂದೂ ಪ್ರೀತಿಯೆಂದೂ ಅರ್ಥವುಂಟು. ಪ್ರೀತಿಯನ್ನು ಕಂಟ್ರಾಕ್ಟರಿಗೆ ವಹಿಸಿಕೊಡಲಾಗುವುದಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ, ದಿನಕ್ಕೆ ಎರಡು ಸಲ ಉಣ್ಣಲು ಬರುವ ಯಜಮಾನನಿಗೂ ಆ ಅಧಿಕಾರ ಬಾರದು. ಬೆಳಗಿನಿಂದ ರಾತ್ರಿಯವರೆಗೆ ಆ ಗೋಡೆಯನ್ನು ನೋಡುತ್ತ ನಿಲ್ಲುವವರೇ ಅದನ್ನು ಆರಿಸತಕ್ಕವರು. ಅತ್ತೆಯವರು ನಲವತ್ತು ವರ್ಷ ಅಲ್ಲಿ ನಿಂತರು. ನಿಮಗೆ ಯಾವ ಬಣ್ಣ ಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. ವರ್ಷವರ್ಷವೂ ತಾವೇ ಮಸಿ ಕೆರೆದು ಸುಣ್ಣ ಬಳಿದದ್ದರಿಂದ ಸುಣ್ಣವೆಂದರೆ ಅವರಿಗೆ ಶುಚಿ, ಹಬ್ಬ, ತಮ್ಮ ಕೈಯ ಕೆಲಸ. ಅದನ್ನು ಹಳೆಯ ಹಟವೆಂದು ತಳ್ಳಿಬಿಡುವುದು ಅನ್ಯಾಯ. ಸೊಸೆಗೂ ಅದೇ ಮೌನವನ್ನು ಬಳುವಳಿಯಾಗಿ ಕೊಡುವುದು ಇನ್ನೂ ದೊಡ್ಡ ಅನ್ಯಾಯ. ಸುಣ್ಣದಲ್ಲಿ ಕಲಸಿದ ಬಣ್ಣದಲ್ಲಿ ಇಬ್ಬರ ಮಾತೂ ನಿಲ್ಲುವುದು.

ಆದಕಾರಣ ಹೀಗೆ ಮಾಡಿರಿ. ಎದುರುಗೋಡೆಯ ಮೇಲೆ ಒಂದೊಂದು ಮೊಳದ ಮೂರು ಚೌಕಗಳಲ್ಲಿ ಮೂರು ಬಣ್ಣಗಳನ್ನು ಬಳಿಯಿಸಿರಿ. ಹಸಿಯಾಗಿದ್ದಾಗ ಕಂಡ ಬಣ್ಣವನ್ನು ನಂಬಬೇಡಿರಿ. ಸುಣ್ಣದ ಬಣ್ಣವು ಆರಿದ ಮೇಲೆ ಬಹಳ ತಿಳಿಯಾಗುವುದು. ಮೂರು ದಿನ ಬಿಟ್ಟು ನಸುಕಿನಲ್ಲಿ, ನಡುಹಗಲಿನಲ್ಲಿ, ದೀಪದ ಬೆಳಕಿನಲ್ಲಿ ಅತ್ತೆ ಸೊಸೆಯರಿಬ್ಬರೂ ಕೂಡಿ ನೋಡಲಿ. ಗಾಢವಾದದ್ದೇ ಮನಸ್ಸಿಗೆ ಬಂದರೆ ಹಿಂಜರಿಯಬೇಕಾಗಿಲ್ಲ. ಎಣ್ಣೆಬಣ್ಣದಲ್ಲಾದ ಅವಿವೇಕವನ್ನು ಗೋಡೆಯು ಬಹುಕಾಲ ಹೊರಬೇಕಾಗುವುದು. ಸುಣ್ಣದಲ್ಲಿ ತೋರಿದ ಧೈರ್ಯವು ಒಪ್ಪದೆ ಹೋದರೆ ಮುಂದಿನ ಯುಗಾದಿಗೆ ಒಂದು ಬಕೀಟು ಸುಣ್ಣ, ಒಂದು ಕುಂಚ, ಒಂದು ಹಗಲು ಸಾಕು.