ಸೊನ್ನೆಯನ್ನು ನಂಬಬಹುದೆ?

ಕಾಲೇಜನ್ನು ಆರಿಸುವಾಗ ಅಧ್ಯಾಪಕರು ಹೇಗೆ, ಪ್ರಯೋಗಾಲಯ ಹೇಗೆ, ಶುಲ್ಕವೆಷ್ಟು ಎಂದು ನಾವು ವಿಚಾರಿಸುತ್ತೇವೆ. ಕಳೆದ ವರ್ಷ ಅದರ ಆವರಣದಲ್ಲಿ ಎಷ್ಟು ಅಪರಾಧಗಳು ನಡೆದುವೆಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವುದು ಕಾಯಿದೆಯ ಕಟ್ಟಳೆ. ಆ ಕಾಯಿದೆ ಹುಟ್ಟಿದ್ದು ಒಂದು ಕೊಲೆಯಿಂದ.

1986ರ ಏಪ್ರಿಲ್ 5ರಂದು ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾನಿಲಯದಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ವಿದ್ಯಾರ್ಥಿನಿ ತನ್ನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಕೊಲೆಯಾದಳು. ಕೊಂದವನು ಅಲ್ಲಿಯೇ ಓದುತ್ತಿದ್ದವನು. ತಾವಾಗಿ ಬೀಗ ಬೀಳುವ ಬಾಗಿಲುಗಳಿಗೆ ಒಳಗಿನವರೇ ಅಡ್ಡವಿಟ್ಟು ತೆರೆದಿಟ್ಟಿದ್ದರು. ಅವನಿಗೆ ಅದೇ ದಾರಿಯಾಯಿತು. ಹಿಂದಿನ 3 ವರ್ಷಗಳಲ್ಲಿ ಆ ಆವರಣದಲ್ಲಿ 38 ಹಿಂಸಾಕೃತ್ಯಗಳು ನಡೆದಿದ್ದುವೆಂಬುದು ತಂದೆತಾಯಿಗಳಿಗೆ ತಿಳಿದದ್ದು ಮಗಳನ್ನು ಕಳೆದುಕೊಂಡ ಮೇಲೆ. ಅವರ ಹೋರಾಟದ ಫಲವಾಗಿ 1990ರಲ್ಲಿ ಕಾಯಿದೆಯಾಯಿತು. 1998ರಲ್ಲಿ ಅದಕ್ಕೆ ಆ ಹುಡುಗಿಯ ಹೆಸರನ್ನೇ ಇಟ್ಟರು. ಒಕ್ಕೂಟ ಸರ್ಕಾರದ ವಿದ್ಯಾರ್ಥಿ ಧನಸಹಾಯಕ್ಕೆ ಸೇರಿದ ಸಂಸ್ಥೆಗಳು ಹಿಂದಿನ 3 ವರ್ಷಗಳ ಅಂಕಿಗಳನ್ನು ಪ್ರತಿವರ್ಷ ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ಆವರಣಕ್ಕೆ ತನ್ನದೇ ಪೊಲೀಸು ಅಥವಾ ಕಾವಲುಪಡೆ ಇದ್ದರೆ, ಅಪರಾಧಗಳ ದಿನವಹಿಯನ್ನಿಟ್ಟು ಕೇಳಿದವರಿಗೆ ತೋರಿಸಬೇಕು.

ಇಷ್ಟರಿಂದ ಸತ್ಯ ಕೈಗೆ ಸಿಕ್ಕಿತೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಆ ಅಂಕಿಗಳು ನಡೆದ ಅಪರಾಧಗಳ ಲೆಕ್ಕವಲ್ಲ, ವರದಿಯಾದವುಗಳ ಲೆಕ್ಕ. 2014ನೆಯ ವರ್ಷದ ಅಂಕಿಗಳನ್ನು ಅಮೆರಿಕದ ವಿಶ್ವವಿದ್ಯಾನಿಲಯ ಮಹಿಳೆಯರ ಸಂಘವು ಪರಿಶೀಲಿಸಿತು. ನೂರಕ್ಕೆ 91 ಆವರಣಗಳು ತಮ್ಮಲ್ಲಿ ಒಂದು ಅತ್ಯಾಚಾರವೂ ವರದಿಯಾಗಿಲ್ಲವೆಂದು ತಿಳಿಸಿದ್ದುವು! ಇದನ್ನು ಸುರಕ್ಷತೆಯ ಗುರುತೆಂದು ಒಪ್ಪಲು ನಮಗೆ ಮನಸ್ಸು ಬಾರದು. ದೂರು ಕೊಡಲು ಅಂಜುವ ಕಡೆ ಸೊನ್ನೆ ಬಹು ಸುಲಭವಾಗಿ ದೊರೆಯುತ್ತದೆ.

ಸಣ್ಣ ವಿಶ್ವವಿದ್ಯಾನಿಲಯದಲ್ಲಿ ಇನ್ನೊಂದು ತೊಡಕುಂಟು. ವರ್ಷಕ್ಕೆ ಸರಾಸರಿ 2 ಅಪರಾಧಗಳು ನಡೆಯುವ ಒಂದು ಆವರಣವನ್ನು ಊಹಿಸಿಕೊಳ್ಳೋಣ. ಒಂದಕ್ಕೊಂದು ಸಂಬಂಧವಿಲ್ಲದೆ ಅವು ಒದಗುತ್ತವೆಂದಿಟ್ಟುಕೊಂಡರೆ, ಪಾಯ್ಸಾನ್ ಸೂತ್ರದ ಪ್ರಕಾರ ಸುಮಾರು 7 ವರ್ಷಕ್ಕೊಮ್ಮೆ ಅಲ್ಲಿ ಸೊನ್ನೆ ಬೀಳುತ್ತದೆ. ಹೆಚ್ಚುಕಡಿಮೆ 7 ವರ್ಷಕ್ಕೊಮ್ಮೆಯೇ 4 ಅಥವಾ ಅದಕ್ಕೂ ಮೇಲೆ ಏರುತ್ತದೆ. ಅಪಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೂ ಮೊದಲನೆಯ ವರ್ಷ ಆಡಳಿತಕ್ಕೆ ಹೊಗಳಿಕೆ. ಎರಡನೆಯ ವರ್ಷ, 'ಅಪರಾಧ ಇಮ್ಮಡಿಸಿತು' ಎಂದು ಪತ್ರಿಕೆಗಳ ಕೂಗು. ಇಂಥ ಕೂಗಿಗೆ ಹೆದರಿದ ಅಧಿಕಾರಿ ಮುಂದಿನ ದೂರನ್ನು ಬರೆದುಕೊಳ್ಳಲು ಹಿಂಜರಿದರೆ ಆಶ್ಚರ್ಯವೇನು?

ಆದುದರಿಂದ ಅಂಕಿ ಏರಿದ್ದಕ್ಕಾಗಿ ಯಾವ ಸಂಸ್ಥೆಯನ್ನೂ ಒಡನೆಯೇ ಹಳಿಯಬಾರದೆಂದು ನಾವು ಹೇಳುತ್ತೇವೆ. ಹೊಸ ದೂರು ಕೇಂದ್ರವೊಂದು ನೊಂದವರ ವಿಶ್ವಾಸ ಗಳಿಸಿದಾಗಲೂ ಅಂಕಿ ಏರುತ್ತದೆ. ಶಿಕ್ಷೆ ಸಲ್ಲಬೇಕಾದುದು ಮುಚ್ಚಿಡುವುದಕ್ಕೆ. 2024ರಲ್ಲಿ ವರ್ಜೀನಿಯದ ಲಿಬರ್ಟಿ ವಿಶ್ವವಿದ್ಯಾನಿಲಯಕ್ಕೆ 140 ಲಕ್ಷ ಡಾಲರು ದಂಡ ಬಿದ್ದದ್ದು ಈ ಕಾಯಿದೆಯ ಕರ್ತವ್ಯಗಳನ್ನು ಮೀರಿದುದಕ್ಕಾಗಿ.

ನಮ್ಮ ದೇಶದಲ್ಲಿ 2013ರ ಕಾಯಿದೆಯಂತೆ, ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳದ ದೂರುಗಳ ಸಂಖ್ಯೆಯನ್ನು ಸಂಸ್ಥೆಗಳು ವಾರ್ಷಿಕ ವರದಿಯಲ್ಲಿ ಕಾಣಿಸಬೇಕು. ಕಳವು, ಹೊಡೆದಾಟಗಳ ಮಾತು ಅದರಲ್ಲಿಲ್ಲ. ವಿದ್ಯಾರ್ಥಿನಿಲಯದ ಕಚೇರಿಯಲ್ಲಿ ಅಂಥ ಘಟನೆಗಳಿಗೂ ಒಂದು ವಹಿಯನ್ನಿಟ್ಟು, ನೊಂದವರ ಹೆಸರನ್ನು ಬಿಟ್ಟು ಸ್ಥಳ, ದಿನ, ವೇಳೆಗಳನ್ನಷ್ಟೆ ಬರೆದು, ಯಾವ ವಿದ್ಯಾರ್ಥಿ ಬಂದರೂ ತೆರೆದು ತೋರಿಸುವುದಕ್ಕೆ ನಮ್ಮ ವಿಶ್ವವಿದ್ಯಾನಿಲಯಗಳು ಹೊಸ ಕಾಯಿದೆಯನ್ನು ಕಾಯಬೇಕಾಗಿಲ್ಲ.