ಕೊಂಗುನಾಡಿನಲ್ಲಿ ಕನ್ನಡ ವಿದ್ಯಾರ್ಥಿ ನೋಡಬೇಕಾದುದೇನು?

ಡಿಸೆಂಬರ್ ಸಮೀಪಿಸುತ್ತಿದ್ದಂತೆ ಕಾಲೇಜುಗಳ ಸೂಚನಾಫಲಕದಲ್ಲಿ ಶೈಕ್ಷಣಿಕ ಪ್ರವಾಸದ ಪಟ್ಟಿ ಕಾಣಿಸಿಕೊಳ್ಳುತ್ತದೆ. ದಕ್ಷಿಣದ ಕಡೆಗಾದರೆ ಮಧುರೆ, ತಂಜಾವೂರು, ರಾಮೇಶ್ವರ, ಕನ್ಯಾಕುಮಾರಿ. ಇವುಗಳ ನಡುವೆ ಎಲ್ಲಿಯೋ ‘ಕೊಯಮತ್ತೂರು: ರಾತ್ರಿ ವಾಸ್ತವ್ಯ’ ಎಂಬ ಒಂದು ಸಾಲು. ಬೆಳಿಗ್ಗೆ ಹೊರಡುವ ಮುನ್ನ ಸಮಯವಿದ್ದರೆ ಪೇರೂರಿನ ಪಟ್ಟೀಶ್ವರನ ದರ್ಶನ. ಹಿಂದಿರುಗುವಾಗ ಬಸ್ಸು ಅವಿನಾಶಿಯ ಮೇಲೆ ಹಾದುಹೋದರೆ ಅಲ್ಲಿಯೂ ಅರ್ಧ ಗಂಟೆ. ತಿರುಪ್ಪೂರಿನಲ್ಲಿ ಬನಿಯನ್ನು, ಟೀ ಶರ್ಟುಗಳ ಖರೀದಿಗೆ ಮಾತ್ರ ಒಂದೂವರೆ ಗಂಟೆ. ಈ ಎರಡು ಜಿಲ್ಲೆಗಳಲ್ಲಿ ನೋಡತಕ್ಕದ್ದು ಹೆಚ್ಚೇನೂ ಇಲ್ಲವೆಂಬುದು ಪ್ರವಾಸ ಏರ್ಪಡಿಸುವವರ ನಂಬಿಕೆ. ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಮಟ್ಟಿಗಂತೂ ಈ ನಂಬಿಕೆ ತೀರ ತಪ್ಪಾದುದು.

ತಪ್ಪು ಗೈಡಿನದಲ್ಲ. ಪೇರೂರಿನ ದೇವಾಲಯದಲ್ಲಿ ಆತ ತೋರಿಸುವುದೆಲ್ಲವೂ ನೋಡತಕ್ಕದ್ದೇ. ಮಧುರೆ ನಾಯಕರ ಮನೆತನದ ಅಳಗಾದ್ರಿ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದ ಕನಕಸಭೆ, ಅದರ ಕಂಬಗಳಲ್ಲಿ ಮೈತಾಳಿದ ಗಜಸಂಹಾರಮೂರ್ತಿ ಮತ್ತು ವೀರಭದ್ರ, ಮೇಲ್ಛಾವಣಿಯಿಂದ ಇಳಿಬಿದ್ದ ಕಲ್ಲಿನ ಸರಪಳಿ, ಇವು ಯಾವ ಊರಿನ ಶಿಲ್ಪಕ್ಕೂ ಕಡಿಮೆಯಲ್ಲ. ಸಾಯದ ತಾಳೆಮರ, ಹುಟ್ಟದ ಹುಣಸೆಮರಗಳ ಐತಿಹ್ಯವನ್ನೂ ಆತ ಸೊಗಸಾಗಿಯೇ ಹೇಳುತ್ತಾನೆ. ಆದರೆ ತನ್ನ ಮುಂದೆ ನಿಂತಿರುವವರು ಯಾರು, ಅವರು ಏನನ್ನು ಓದಿಕೊಂಡು ಬಂದಿದ್ದಾರೆ ಎಂಬುದು ಆತನಿಗೆ ತಿಳಿಯದು. ತಿಳಿಸಬೇಕಾದವರು ಬಸ್ಸಿನ ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ ಹಾಡುತ್ತಿರುತ್ತಾರೆ. 1841ರಲ್ಲಿ ಇಂಗ್ಲೆಂಡಿನ ಥಾಮಸ್ ಕುಕ್ ತನ್ನ ಮೊದಲ ರೈಲು ಪ್ರವಾಸವನ್ನು ಏರ್ಪಡಿಸಿದಂದಿನಿಂದ ಇಂದಿನವರೆಗೆ ಇಂತಹ ಸಾಮೂಹಿಕ ಪ್ರವಾಸಗಳ ಅನುಕೂಲವೂ ಕೊರತೆಯೂ ಒಂದೇ: ಎಲ್ಲವನ್ನೂ ಬೇರೊಬ್ಬರು ಮೊದಲೇ ಗೊತ್ತುಮಾಡಿರುತ್ತಾರೆ. ನೋಡುವವನು ಕಣ್ಣು ತೆರೆದಿದ್ದರೆ ಸಾಕು, ಓದಿರಬೇಕಾಗಿಲ್ಲ.

ಓದಿದವರಿಗೆ ಈ ಸೀಮೆ ಹೇಗೆ ಕಾಣಬಹುದೆಂಬುದಕ್ಕೆ ಅವಿನಾಶಿಯಿಂದಲೇ ಆರಂಭಿಸಬಹುದು. ತಿರುಪ್ಪೂರು ಜಿಲ್ಲೆಗೆ ಸೇರಿದ ಅವಿನಾಶಿ ಮತ್ತು ಅದರ ಸಮೀಪದ ತಿರುಮುರುಗನ್‌ಪೂಂಡಿ, ಇವೆರಡೂ ಕೊಂಗುನಾಡಿನ ಏಳು ಶೈವಕ್ಷೇತ್ರಗಳಲ್ಲಿ ಸೇರಿದವು. ಎರಡರ ಕಥೆಯೂ ಸುಂದರಮೂರ್ತಿ ನಾಯನಾರರಿಗೆ ಸಂಬಂಧಿಸಿದ್ದು. ಕೇರಳದ ಕಡೆಯಿಂದ ಚೇರಮಾನ್ ಪೆರುಮಾಳನು ಕೊಟ್ಟ ಹೊನ್ನನ್ನು ಹೊರಿಸಿಕೊಂಡು ಬರುತ್ತಿದ್ದ ಸುಂದರರನ್ನು ಪೂಂಡಿಯಲ್ಲಿ ಶಿವನ ಭೂತಗಣಗಳೇ ಬೇಡರ ವೇಷದಲ್ಲಿ ದೋಚಿದವಂತೆ. ಆತ ಶಿವನನ್ನು ಹಾಡಿನಲ್ಲಿಯೇ ಗದರಿದ ಮೇಲೆ ಕದ್ದ ಹೊನ್ನು ಹಿಂದಕ್ಕೆ ಬಂದಿತಂತೆ. ಅವಿನಾಶಿಯಲ್ಲಿ, ವರ್ಷಗಳ ಹಿಂದೆ ಮೊಸಳೆ ನುಂಗಿದ್ದ ಬಾಲಕನು ಆತನ ಹಾಡಿಗೆ ಓಗೊಟ್ಟು, ಕಳೆದ ವರ್ಷಗಳ ಬೆಳವಣಿಗೆಯೊಡನೆಯೇ, ಹೊರಬಂದನಂತೆ. ಗೈಡು ಇಷ್ಟನ್ನು ಹೇಳಿ ಮುಂದಿನ ಮಂಟಪಕ್ಕೆ ನಡೆಯುತ್ತಾನೆ. ವಿದ್ಯಾರ್ಥಿಗಳೂ ಅದನ್ನು ಯಾರೋ ತಮಿಳು ಸಂತನ ಪವಾಡವೆಂದು ಕೇಳಿ ಮುಂದೆ ಸಾಗುತ್ತಾರೆ. ಆ ಸುಂದರರೇ ಹರಿಹರನ ‘ನಂಬಿಯಣ್ಣನ ರಗಳೆ’ಯ ನಂಬಿಯಣ್ಣ! ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆದವರು, ಆ ನಾಯಕನ ಹೆಸರು ಹೊತ್ತ ಅಂಗಳದಲ್ಲಿ ಐಸ್‌ಕ್ರೀಮ್ ತಿನ್ನುತ್ತ ನಿಂತು, ಅಲ್ಲಿಂದ ಏನನ್ನೂ ತಿಳಿಯದೆ ಹಿಂದಿರುಗುವುದು ಸಣ್ಣ ನಷ್ಟವಲ್ಲ. ಹಂಪೆಯಲ್ಲಿ ವಿರೂಪಾಕ್ಷನ ಎದುರು ಕುಳಿತ ಕವಿಗೆ ತಮಿಳುನಾಡಿನ ಒಬ್ಬ ಭಕ್ತ ಇಷ್ಟು ಆತ್ಮೀಯನಾದದ್ದು ಹೇಗೆ, ಪರವೆ–ಸಂಕಿಲಿಯರ ನಡುವೆ ತೊಳಲಾಡುವ ಆ ಲೀಲಾವಿನೋದಿ ಕನ್ನಡದಲ್ಲಿ ಯಾವ ಬಣ್ಣ ತಾಳಿದ ಎಂಬ ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳುವುದಕ್ಕೂ ಅವಿನಾಶಿಯ ಕೊಳದ ದಡದಲ್ಲಿ ಕೇಳುವುದಕ್ಕೂ ವ್ಯತ್ಯಾಸವಿದೆ.

ದಾರಿಗಳ್ಳರ ಕಥೆ ಪೂಂಡಿಯಲ್ಲಿಯೇ ಹುಟ್ಟಿದ್ದಕ್ಕೂ ಕಾರಣವಿರಬೇಕು. ಪಾಲಕ್ಕಾಡಿನ ಕಣಿವೆಯ ಮೂಲಕ ಪಶ್ಚಿಮ ಕರಾವಳಿಯಿಂದ ಬರುವವರೆಲ್ಲ ಈ ಬಯಲನ್ನು ದಾಟಲೇಬೇಕಿತ್ತು. ಕೊಯಮತ್ತೂರಿನ ಬಳಿಯ ಸುಂಡಕ್ಕಾಮುತ್ತೂರಿನಲ್ಲಿ ‘ರಾಜಕೇಸರಿ ಪೆರುವಳಿ’ ಎಂಬ ಹೆದ್ದಾರಿಯನ್ನು ಹೆಸರಿಸುವ ಶಾಸನ ಇಂದಿಗೂ ಬಂಡೆಯ ಮೇಲಿದೆ. ತಮಿಳು ಮತ್ತು ವಟ್ಟೆಳುತ್ತು ಎರಡೂ ಲಿಪಿಗಳಲ್ಲಿದೆ. ವೆಳ್ಳಲೂರಿನಲ್ಲಿ 1842ರಲ್ಲಿಯೂ ಅನಂತರವೂ ರೋಮನ್ ನಾಣ್ಯಗಳ ನಿಧಿಗಳೇ ದೊರೆತಿವೆ. ಹೊನ್ನು ಹೊತ್ತು ಸಾಗುವವರಿದ್ದ ದಾರಿಯಲ್ಲಿ ಅದನ್ನು ಕಸಿಯುವವರೂ ಇದ್ದಿರಬೇಕಲ್ಲವೆ? ಆ ಬಂಡೆಗೆ ಗೋಪುರವಿಲ್ಲ, ಪ್ರಸಾದವಿಲ್ಲ, ಆದ್ದರಿಂದ ಯಾವ ಬಸ್ಸೂ ಅಲ್ಲಿ ನಿಲ್ಲುವುದಿಲ್ಲ.

ಪೇರೂರಿಗೆ ಮರಳಿದರೆ ಇನ್ನೂ ಹತ್ತಿರದ ಸಂಬಂಧವೊಂದು ಕಾದಿದೆ. ದೇವಾಲಯ ನೋಡಿ ಚಪ್ಪಲಿ ಹುಡುಕಿಕೊಂಡು ಬಸ್ಸು ಹತ್ತುವವರಿಗೆ ಅದೇ ಊರಿನಲ್ಲಿ ಒಂದು ವೀರಶೈವ ಪರಂಪರೆಯ ಮಠವಿರುವುದು ತಿಳಿಯುವುದಿಲ್ಲ. 17ನೆಯ ಶತಮಾನದ ಶಾಂತಲಿಂಗ ಸ್ವಾಮಿಗಳ ಪರಂಪರೆಯ ಮಠವದು. ‘ಕೊಲೈ ಮರುತ್ತಲ್’ ಎಂಬ, ಕೊಲೆಯನ್ನು ನಿರಾಕರಿಸುವ ಕೃತಿಯನ್ನು ಬರೆದವರು ಈ ಶಾಂತಲಿಂಗರು. ಇವರ ಶಿಷ್ಯರಾದ ಕುಮಾರದೇವರು ಪೂರ್ವಾಶ್ರಮದಲ್ಲಿ ಕನ್ನಡನಾಡಿನ ಒಬ್ಬ ಅರಸರಾಗಿದ್ದು, ಸಿಂಹಾಸನ ತೊರೆದು ಗುರುವನ್ನು ಅರಸುತ್ತ ಪೇರೂರಿಗೆ ಬಂದರೆಂದು ತಮಿಳು ವೀರಶೈವ ಸಂಪ್ರದಾಯ ಹೇಳುತ್ತದೆ. ಅರಸನ ಸಂನ್ಯಾಸವನ್ನು ಕುರಿತ ‘ಮಹಾರಾಜ ತುರವು’ ಎಂಬ ಕೃತಿ ಅವರದೇ. ಇದನ್ನು ಇತಿಹಾಸವೆಂದು ಒಪ್ಪಬೇಕೆ, ಐತಿಹ್ಯವೆಂದು ಬದಿಗಿಡಬೇಕೆ ಎಂಬುದು ಬೇರೆ ಚರ್ಚೆ. ಅರಸೊತ್ತಿಗೆ ಬಿಟ್ಟು ಬಂದ ಭಕ್ತನನ್ನು ಕುರಿತು ಯೋಚಿಸುವಾಗ ತಮಿಳು ಪರಂಪರೆ ಆತನನ್ನು ಕನ್ನಡನಾಡಿನವನೆಂದೇ ಕಲ್ಪಿಸಿಕೊಂಡಿದೆ ಎಂಬುದಾದರೂ ಕುತೂಹಲದ ಸಂಗತಿಯೇ.

ಶಾಂತಲಿಂಗರ ಮಡದಿಯ ಅಣ್ಣನೆಂದು ಅದೇ ಸಂಪ್ರದಾಯ ಗುರುತಿಸುವ ಶಿವಪ್ರಕಾಶರ ವಿಷಯದಲ್ಲಿ ಮಾತ್ರ ಐತಿಹ್ಯದ ಮಾತೇ ಬೇಡ. ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ತಮಿಳಿಗೆ ತಂದವರು ಇವರೇ. 15ನೆಯ ಶತಮಾನದ ಕನ್ನಡ ಷಟ್ಪದಿ ಕಾವ್ಯವೊಂದು ತಮಿಳಿನಲ್ಲಿ ಇನ್ನೊಂದು ಮಹತ್ವದ ಕಾವ್ಯವಾಯಿತು. ಅನುವಾದವೆಂದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವುದು ಎಂಬಷ್ಟಕ್ಕೇ ರೂಢಿಯಾದ ತರಗತಿಗಳಿಗೆ, ಕನ್ನಡದಿಂದ ನೆರೆಯ ಭಾಷೆಗೆ ಹೋದ ಕಾವ್ಯದ ಪರಿಚಯ ಅಗತ್ಯವಾಗಿ ಆಗಬೇಕು. ಅದಕ್ಕೆ ಪೇರೂರಿಗಿಂತ ಯೋಗ್ಯವಾದ ಸ್ಥಳ ಬೇರೆ ಸುಲಭವಾಗಿ ಸಿಗದು.

ಕೊಯಮತ್ತೂರು ಕನ್ನಡಕ್ಕೆ ದೂರದ ಊರೆಂಬ ಭಾವನೆ ತೀರ ಇತ್ತೀಚಿನದು. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಳಕಾಡಿನ ಪಕ್ಕದಲ್ಲಿಯೇ ಕೊಂಗೂ ಇದೆ. ಮೈಸೂರಿನ ಅರಸರು 17ನೆಯ ಶತಮಾನದಲ್ಲಿ ಹಂತಹಂತವಾಗಿ ವಶಪಡಿಸಿಕೊಂಡ ಈ ಸೀಮೆ 1799ರಲ್ಲಿ ಟಿಪ್ಪು ಸುಲ್ತಾನನ ಪತನದವರೆಗೂ ಮೈಸೂರಿನ ಆಳ್ವಿಕೆಯಲ್ಲಿತ್ತು. ಅನಂತರವೂ ನಂಟು ಕಡಿಯಲಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದರೆ ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಏಳುಮಲೆ ಆಡಳಿತದ ಲೆಕ್ಕದಲ್ಲಿ ಕೊಯಮತ್ತೂರಿನದು. ಡಾ. ರಾಜ್‌ಕುಮಾರ್ ಅವರ ಗಾಜನೂರು, ಅವರು ಹುಟ್ಟಿದ 1929ರಲ್ಲಿ, ಅದೇ ಜಿಲ್ಲೆಯಲ್ಲಿತ್ತು. ಇಂದು ಅದು ಈರೋಡು ಜಿಲ್ಲೆಯ ತಾಳವಾಡಿಗೆ ಸೇರಿದೆ. ಜಿಲ್ಲೆಗಳು ಒಡೆದು, ತಿರುಪ್ಪೂರು 2009ರಲ್ಲಿ ಪ್ರತ್ಯೇಕವಾಗಿ, ಹಳೆಯ ಕೊಯಮತ್ತೂರಿನ ನಕ್ಷೆ ಕಿರಿದಾಗುತ್ತ ಬಂದಂತೆ ಈ ಸಂಗತಿಗಳೂ ಮರೆವಿಗೆ ಸಂದಿವೆ.

ಯಾವ ಗೈಡೂ ತೋರಿಸಲಾಗದ ಸ್ಮಾರಕವೂ ಇಲ್ಲೊಂದಿದೆ. ಗಜಲಹಟ್ಟಿ ಕಣಿವೆಯಿಂದ ಇಳಿದವರಿಗೆ ಎದುರಾಗುತ್ತಿದ್ದ ದಣ್ಣಾಯಕನಕೋಟೆಯು ಹೊಯ್ಸಳರ ಕೊನೆಯ ಕಾಲದಲ್ಲಿ ತೆರಕಣಾಂಬಿಯ ಮಾಧವ ದಣ್ಣಾಯಕನ ಹೆಸರಿನೊಡನೆ ಬೆಸೆದುಕೊಂಡ ಕೋಟೆ. ‘ದಂಡನಾಯಕ’ ಎಂಬ ಪದ ಕನ್ನಡದ ಬಾಯಲ್ಲಿ ‘ದಣ್ಣಾಯಕ’ನಾಗಿ, ತಮಿಳಿನ ಊರಹೆಸರಿನಲ್ಲಿ ಉಳಿದುಕೊಂಡ ಬಗೆಯೇ ಭಾಷಾವಿಜ್ಞಾನದ ಒಂದು ಪಾಠ. 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟೆಯ ಹಿನ್ನೀರಿನಲ್ಲಿ ಕೋಟೆ ಮುಳುಗಿತು. ಬರಗಾಲದಲ್ಲಿ ನೀರು ತಗ್ಗಿದಾಗ ಮಾತ್ರ ಮಾಧವ ಪೆರುಮಾಳ್ ದೇವಾಲಯದ ಕಲ್ಲುಗಳು ಮೇಲೇಳುತ್ತವೆ. ಒಳ್ಳೆಯ ಮಳೆಯಾದ ವರ್ಷ ಅಲ್ಲಿ ನಿಂತವರಿಗೆ ಕಾಣುವುದು ನೀರೊಂದೇ.

ಈ ಎಲ್ಲ ಕಲ್ಲು, ಕಾವ್ಯಗಳಿಗಿಂತ ಹೆಚ್ಚು ಬೇಗ ಕಣ್ಮರೆಯಾಗುತ್ತಿರುವುದು ಮಾತು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗರು, ಒಕ್ಕಲಿಗರು, ಕುರುಬರು ಮೊದಲಾದ ಹಲವು ಸಮುದಾಯಗಳ ಮನೆಮಾತು ಕನ್ನಡ. ನೆಗಮಂ, ಸಿರುಮುಗೈಗಳಲ್ಲಿ ಮಗ್ಗದ ಮುಂದೆ ಕುಳಿತ ನೇಕಾರರ ಅನೇಕ ಮನೆಗಳಲ್ಲಿ ಹಿರಿಯರು ಇಂದಿಗೂ ಕನ್ನಡದಲ್ಲಿ ಮಾತನಾಡುತ್ತಾರೆ. ಅವರ ಕೈಯಲ್ಲಿ ಕನ್ನಡ ಲಿಪಿಯಿಲ್ಲ. ಶಾಲೆ, ಪತ್ರ, ಲಗ್ನಪತ್ರಿಕೆ, ದೇವರ ಹೆಸರಿನ ಫಲಕ, ಎಲ್ಲವೂ ತಮಿಳಿನಲ್ಲಿ. ದೇವಾಂಗರು ತಮ್ಮವನೆಂದು ಗೌರವಿಸುವ ದೇವರ ದಾಸಿಮಯ್ಯನ ಹೆಸರು ಗೊತ್ತಿರುವ ಮನೆಗಳಲ್ಲಿಯೂ ಆತನ ವಚನವನ್ನು ಕನ್ನಡದಲ್ಲಿ ಓದಬಲ್ಲವರು ವಿರಳ. ಕೊಯಮತ್ತೂರಿನ ರಾಮಲಿಂಗ ಚೌಡೇಶ್ವರಿಯ ಗುಡಿಯಿಂದ ವಿಜಯದಶಮಿಯಂದು ಯುವಕರು ಕತ್ತಿ ಹಿಡಿದು ಅಲಗುಸೇವೆ ಮಾಡುತ್ತ ಬೀದಿಯಲ್ಲಿ ಸಾಗುವಾಗ ನೋಡಲು ನೆರೆಯುವ ಜನರಿಗೆ, ಈ ದೇವಿ ಯಾವ ನಾಡಿನಿಂದ ಇವರೊಡನೆ ನಡೆದುಬಂದಳೆಂಬುದು ಹೊಳೆಯುವುದು ಕಷ್ಟ. ಮೊಮ್ಮಕ್ಕಳು ಅಜ್ಜಿಯ ಕನ್ನಡವನ್ನು ಅರ್ಥಮಾಡಿಕೊಂಡು ತಮಿಳಿನಲ್ಲಿ ಉತ್ತರಿಸುತ್ತಾರೆ. ಅವರ ಮಕ್ಕಳ ಕಾಲಕ್ಕೆ ಅರ್ಥವಾಗುವುದೂ ಅನುಮಾನ. ಇದರಲ್ಲಿ ಯಾರ ಮೇಲೂ ದೂರಿಲ್ಲ. ಬದುಕುವ ನಾಡಿನ ಭಾಷೆಯನ್ನು ಕಲಿಯುವುದು ಸಹಜ. ಆದರೆ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ‘ಪ್ರಾದೇಶಿಕ ಉಪಭಾಷೆಗಳು’ ಎಂಬ ಅಧ್ಯಾಯವನ್ನು ಉರುಹೊಡೆಯುವ ವಿದ್ಯಾರ್ಥಿಗಳು ಆ ಬೀದಿಗಳ ಮುಂದೆಯೇ ಕಿಟಕಿಯ ಪರದೆ ಎಳೆದುಕೊಂಡು ಹಾದುಹೋಗುವುದು ಮಾತ್ರ ಸಹಜವೆನಿಸದು.

ಇಲ್ಲೊಂದು ಎಚ್ಚರವೂ ಬೇಕು. ಐವತ್ತು ಮಂದಿ ಮೊಬೈಲು ಹಿಡಿದು ನೇಕಾರರ ಕೇರಿಗೆ ನುಗ್ಗಿ, ‘ಅಜ್ಜಿ, ಏನಾದರೂ ಕನ್ನಡದಲ್ಲಿ ಮಾತಾಡಿ’ ಎಂದು ಕೇಳಿದರೆ ಆ ಅಜ್ಜಿಯನ್ನೂ ಒಂದು ಸ್ಮಾರಕವನ್ನಾಗಿ ಮಾಡಿದಂತೆಯೇ. ಅಂತಹ ಭೇಟಿಗಿಂತ ಹೋಗದಿರುವುದೇ ಲೇಸು. ನಾಲ್ಕೈದು ಮಂದಿಯ ಗುಂಪು, ಮೊದಲೇ ಕೇಳಿ ಪಡೆದ ಒಪ್ಪಿಗೆ, ಕುಳಿತು ಮಾತನಾಡುವಷ್ಟು ಬಿಡುವು, ಇಷ್ಟಿಲ್ಲದೆ ಆ ಮನೆಗಳ ಬಾಗಿಲು ತಟ್ಟಬಾರದು.

ಪ್ರವಾಸವೆಂದರೆ ಮಕ್ಕಳು ವರ್ಷಕ್ಕೊಮ್ಮೆ ಮನಸ್ಸು ಹಗುರ ಮಾಡಿಕೊಳ್ಳುವ ಸಂದರ್ಭ, ಅಲ್ಲಿಯೂ ಪಾಠವೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ. ಅನೇಕ ವಿದ್ಯಾರ್ಥಿಗಳಿಗೆ, ಅದರಲ್ಲಿಯೂ ಹಳ್ಳಿಗಳಿಂದ ಬರುವ ವಿದ್ಯಾರ್ಥಿನಿಯರಿಗೆ, ಮನೆಯವರಿಲ್ಲದೆ ಹೊರಟ ಮೊದಲ ಪ್ರಯಾಣ ಇದೇ ಆಗಿರುತ್ತದೆ. ಕಡಲನ್ನು ಕಾಣಬೇಕೆಂಬ ಅವರ ಆಸೆಗೆ ಶಾಸನದ ಬಂಡೆಯನ್ನು ಅಡ್ಡವಿಡುವುದು ನ್ಯಾಯವಲ್ಲ. ಆದರೆ ಆ ಹಣವನ್ನು ಹೊಂದಿಸಲು ಮನೆಯಲ್ಲಿ ಏನೇನು ಬದಿಗೊತ್ತಲಾಗಿದೆ ಎಂಬುದನ್ನು ನೆನೆದರೆ, ಏಳು ಊರುಗಳನ್ನು ಐದು ದಿನಗಳಲ್ಲಿ ಓಡಿ ಮುಗಿಸುವುದಕ್ಕಿಂತ ಎರಡು ಜಿಲ್ಲೆಗಳಲ್ಲಿ ಮೂರು ದಿನ ನಿಧಾನವಾಗಿ ತಿರುಗುವುದು ಕಡಿಮೆ ಖರ್ಚಿನದು. ಹಾಡು, ನಗು, ಖರೀದಿ ಅಲ್ಲಿಯೂ ಇದ್ದೇ ಇರುತ್ತವೆ. ವಿ.ಸೀ. ಅವರ ‘ಪಂಪಾಯಾತ್ರೆ’ಯನ್ನು ಓದಿದವರಿಗೆ, ಓದಿಕೊಂಡು ಹೋದ ಕಣ್ಣಿಗೆ ಸಂತೋಷ ಕಡಿಮೆಯಾಗುವುದಿಲ್ಲವೆಂಬುದು ಗೊತ್ತು.

ದಾರಿಯೂ ಕಠಿಣವಲ್ಲ. ಚಾಮರಾಜನಗರದಿಂದ ಹಾಸನೂರು, ದಿಂಬಂ ಘಟ್ಟದ 27 ತಿರುವುಗಳು, ಬಣ್ಣಾರಿ, ಸತ್ಯಮಂಗಲ, ಅಲ್ಲಿಂದ ಅವಿನಾಶಿ. ಅರಣ್ಯದ ನಡುವಿನ ಈ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹಗಲಿನಲ್ಲಿಯೇ ಘಟ್ಟ ಇಳಿಯಬೇಕು. ಅದೇ ಒಳ್ಳೆಯದು, ಮೈಸೂರು ಸೀಮೆಯ ಎತ್ತರದಿಂದ ಕೊಂಗಿನ ಬಯಲು ತೆರೆದುಕೊಳ್ಳುವುದನ್ನು ಕಣ್ಣಾರೆ ಕಾಣಬಹುದು. ಹೊರಡುವ ಒಂದು ತಿಂಗಳ ಮುಂಚೆ ಪ್ರತಿಯೊಂದು ಸ್ಥಳವನ್ನೂ ಒಬ್ಬೊಬ್ಬ ವಿದ್ಯಾರ್ಥಿಗೆ ವಹಿಸಿಕೊಟ್ಟರೆ ಅಲ್ಲಿ ಹತ್ತು ನಿಮಿಷ ಮಾತನಾಡುವ ಹೊಣೆ ಆತನದು ಅಥವಾ ಆಕೆಯದು. ಸ್ಥಳೀಯ ಗೈಡನ್ನು ಬಿಡಬೇಕಾಗಿಲ್ಲ. ಆತನಿಗೆ ತಿಳಿದದ್ದು ಪುಸ್ತಕಗಳಲ್ಲಿಲ್ಲ. ಪೂಂಡಿಯಲ್ಲಿ ದೇವಾಲಯದ ಜೊತೆಗೆ, ಇಂದಿಗೂ ಕಗ್ಗಲ್ಲಿನಲ್ಲಿ ವಿಗ್ರಹ ಕಡೆಯುವ ಶಿಲ್ಪಿಗಳ ಶೆಡ್ಡುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬಹುದು.

ಪೇರೂರಿನಲ್ಲಿ ಒಂದು ಸಂಜೆಯನ್ನು ಪೂರ್ತಿಯಾಗಿ ಮೀಸಲಿಡಬೇಕು. ಶಾಂತಲಿಂಗರ ಮಠಕ್ಕೆ ಸೇರಿದ ತಮಿಳು ಕಾಲೇಜು ಅಲ್ಲಿಯೇ ಇದೆ. ವಿಭಾಗದಿಂದ ಮೊದಲೇ ಒಂದು ಪತ್ರ ಬರೆದರೆ ಅಲ್ಲಿನ ವಿದ್ಯಾರ್ಥಿಗಳೂ ಸೇರಲು ಒಪ್ಪಬಹುದು. ಅಲ್ಲಮ ಮತ್ತು ಮಾಯೆಯರ ಪ್ರಸಂಗವನ್ನು ಇವರು ಚಾಮರಸನ ಕನ್ನಡದಲ್ಲಿ ಓದಲಿ, ಅವರು ಶಿವಪ್ರಕಾಶರ ತಮಿಳಿನಲ್ಲಿ ಓದಲಿ. ಷಟ್ಪದಿಯ ನಡೆ ವಿರುತ್ತದಲ್ಲಿ ಹೇಗೆ ಬದಲಾಯಿತು, ಅಲ್ಲಮನ ಮದ್ದಳೆಯ ಸದ್ದು ಎಲ್ಲಿ ಜೋರಾಯಿತು, ಎಲ್ಲಿ ತಗ್ಗಿತು ಎಂಬುದನ್ನು ಎರಡೂ ಕಡೆಯವರು ಅರ್ಧಂಬರ್ಧ ಕಲಿತ ಒಬ್ಬರ ಭಾಷೆಯಲ್ಲಿ ಮತ್ತೊಬ್ಬರಿಗೆ ಕೇಳಲಿ. ಬಸ್ಸು ಹೊರಡಲು ತಡವಾದರೆ ಆಗಲಿ.